ಸಂತನ ಅಂಗಿ ತೊಟ್ಟ ಬ್ಯಾಟರಿ

ಬೂದಿ ಬುಧವಾರದ ಮರುದಿನ ಬೆಳಿಗ್ಗೆ ಬಿಸಿಗಾಳಿ ಬೀಸತೊಡಗಿತ್ತು. ಹಿಂದಿನ ವಾರದವರೆಗೂ ನದಿಯ ಮೇಲಿಂದ ತಣ್ಣಗೆ ಬರುತ್ತಿದ್ದ ಗಾಳಿ ಇದ್ದಕ್ಕಿದ್ದ ಹಾಗೆ ದಿಕ್ಕು ಬದಲಿಸಿ, ಕೊಯ್ದ ಗದ್ದೆಗಳ ಧೂಳನ್ನೂ ಸುಟ್ಟ ಕೂಳೆಯ ವಾಸನೆಯನ್ನೂ ಹೊತ್ತು ತಂದು ಅಪಲಿತ್ ಊರಿನ ಬೀದಿಯಲ್ಲಿ ಸುರಿಯುತ್ತಿತ್ತು. ಸಲುದ್ ಅಂಗಡಿಯ ಮುಂದೆ ನೀರು ಚಿಮುಕಿಸಿ, ಗಾಜಿನ ಪೆಟ್ಟಿಗೆಯ ಮೇಲಿನ ಧೂಳನ್ನು ಎರಡನೆಯ ಸಲ ಒರೆಸುತ್ತಿದ್ದಾಗ ಪಿದಿಯೊ ತನ್ನ ಮೂರು ಚಕ್ರದ ಗಾಡಿಯನ್ನು ತಂದು ಮರದಡಿ ನಿಲ್ಲಿಸಿದ. ಅವನ ಹಣೆಯ ಮೇಲೆ ನಿನ್ನೆ ಪಾದ್ರಿ ಇಟ್ಟ ಬೂದಿಯ ಶಿಲುಬೆ ಹಾಗೇ ಇತ್ತು.

"ಮುಖ ತೊಳೆದಿಲ್ವಾ ಕೊಯಾ?" ಎಂದಳು ಸಲುದ್. ಊರಿನಲ್ಲಿ ಅವನಿಗಿಂತ ಚಿಕ್ಕವರೆಲ್ಲ ಅವನನ್ನು ಕೊಯಾ, ಅಣ್ಣ, ಎಂದೇ ಕರೆಯುತ್ತಿದ್ದರು.

"ತೊಳೆದೆ ಕಣಮ್ಮ. ಹಣೆ ಬಿಟ್ಟು ತೊಳೆದೆ. ಬೆಳಗಿಂದ ಗಾಡಿ ಹತ್ತಿದೋರು ಒಬ್ರೂ ಚೌಕಾಸಿ ಮಾಡ್ಲಿಲ್ಲ, ಗೊತ್ತಾ?"

ಒಳಗೆ ಲೇತ್ ಯಂತ್ರದ ಮುಂದೆ ಬಗ್ಗಿದ್ದ ಗೊನ್ಯೊ ನಕ್ಕ. ಅವನು ಸಲುದಳ ಗಂಡ. ಅವನ ಅಜ್ಜ ಮುತ್ತಜ್ಜಂದಿರು ಇದೇ ಜಾಗದಲ್ಲಿ ಕುಲುಮೆ ಹಾಕಿಕೊಂಡು ಮಚ್ಚು ಬಡಿದವರು. ಈಗ ಮಚ್ಚು ಕೊಳ್ಳುವವರಿಲ್ಲ. ಗೊನ್ಯೊ ಹಿತ್ತಾಳೆಯ ಸರಳನ್ನು ಕೊರೆದು, ಹೆಬ್ಬೆರಳು ಗಾತ್ರದ ಬ್ಯಾಟರಿ ಹಿಡಿಸುವ ಸಿಗರೇಟಿನ ಬದಲು ಆವಿ ಸೇದುವ ಕೊಳವೆಗಳನ್ನು ಮಾಡುತ್ತಿದ್ದ. ಅವುಗಳೊಳಗೆ ಕಾದು ಆವಿ ಎಬ್ಬಿಸುವ ತಂತಿಯ ಸುರುಳಿ, ಅಂದರೆ ಕಾಯಿಲು, ಸುತ್ತುವವಳು ಸಲುದ್. ಅವಳು ಸುತ್ತಿದ ಕಾಯಿಲಿಗಾಗಿ ನದಿಯಾಚೆಯಿಂದಲೂ ಜನ ಬರುತ್ತಿದ್ದರು.

"ಸಿಗರೇಟು ಬಿಡ್ತೀನಿ ಅಂತ ನಿನ್ನೆ ದೇವರಿಗೆ ಹೇಳಿ ಬಂದಿದೀನಿ," ಎಂದ ಪಿದಿಯೊ, ಬೆಂಚಿನ ಮೇಲೆ ಕೂರುತ್ತ. "ಈಗ ನೀನು ಕೈ ಹಿಡೀಬೇಕು."

"ದೇವರಿಗೆ ಹೇಳಿ ಬಂದು ಇಲ್ಲಿ ಇನ್ನೊಂದು ಥರದ ಹೊಗೆ ಕೇಳ್ತಿದೀಯಲ್ಲ ಕೊಯಾ!" ಎಂದು ಗೊನ್ಯೊ ಒಳಗಿಂದಲೇ ಕೂಗಿದ.

"ಹೊಗೆ ಅಲ್ವಂತೆ ಕಣಪ್ಪ, ಆವಿಯಂತೆ. ನನ್ನ ಮಗಳು ಹೇಳ್ತಾಳೆ."

"ಪಾದ್ರಿ ಕೇಳಿದ್ರೆ ಅನ್ನ ಬೇಯಿಸ್ತಿದೀನಿ ಅನ್ನು, ಮುಗೀತು," ಎಂದ ಗೊನ್ಯೊ.

ಮೂವರೂ ನಕ್ಕರು. ನಗು ಪಿದಿಯೊನ ಎದೆಯೊಳಗೆ ಸಿಕ್ಕಿಕೊಂಡು ಕೆಮ್ಮಾಯಿತು. ಹೋದ ವರ್ಷದ ಪವಿತ್ರ ವಾರದಲ್ಲಿ ನಡೆದದ್ದು ಮೂವರಿಗೂ ನೆನಪಿತ್ತು. ಪ್ರತಿ ವರ್ಷ ಆ ವಾರ ಬೀದಿಯ ತಿರುವಿನಲ್ಲಿ ಬಿದಿರಿನ ಚಪ್ಪರ ಹಾಕಿ, ಸ್ವಾಮಿ ಶಿಲುಬೆಯಲ್ಲಿ ಪಟ್ಟ ಪಾಡನ್ನು ಹಗಲಿರುಳೂ ಹಾಡುತ್ತಾರೆ. ಅದರಲ್ಲಿ ಸಂತ ಪೇತ್ರ ತನ್ನ ಗುರುವನ್ನು ಅರಿಯೆನೆಂದು ಹೇಳಿ, ಕೋಳಿ ಕೂಗಿದ್ದನ್ನು ಕೇಳಿ, ಹೊರಗೆ ಹೋಗಿ ಅಳುವ ಭಾಗ ಪಿದಿಯೊನ ಮನೆತನದ್ದು. ಅವನಪ್ಪ ಹಾಡುತ್ತಿದ್ದ, ಅಪ್ಪನ ನಂತರ ಇವನು. ಅವನು ಆ ಭಾಗ ಎತ್ತಿಕೊಂಡರೆ ಅಡುಗೆಮನೆಯಲ್ಲಿದ್ದ ಹೆಂಗಸರು ಸೌಟು ಕೆಳಗಿಟ್ಟು ಬಾಗಿಲಿಗೆ ಬರುತ್ತಿದ್ದರು. ಹೋದ ವರ್ಷ ನಡುವೆ ಕೆಮ್ಮು ಬಂತು. ತಡೆದುಕೊಂಡ, ಮತ್ತೆ ಎತ್ತಿದ, ಮತ್ತೆ ಬಂತು. ಪಕ್ಕದವನು ಅವನು ಬಿಟ್ಟ ಸಾಲನ್ನು ಎತ್ತಿಕೊಂಡು ಮುಂದುವರಿಸಿದ. ಪಿದಿಯೊ ಚಪ್ಪರದಿಂದ ಎದ್ದು ಹೋಗುವಾಗ ಯಾರ ಮುಖವನ್ನೂ ನೋಡಲಿಲ್ಲ.

"ಈ ಸಲ ಪೂರ್ತಿ ಹಾಡಬೇಕು ಸಲುದ್," ಎಂದ ಅವನು ಈಗ, ತಗ್ಗಿದ ದನಿಯಲ್ಲಿ. "ಆಮೇಲೆ ದೇವರು ಕರೆದ್ರೂ ಸರಿ."

ಸಲುದ್ ಗಾಜಿನ ಪೆಟ್ಟಿಗೆ ತೆರೆದಳು.

ಪಿದಿಯೊನ ಕಣ್ಣು ಹೋದದ್ದು ತಲೆಬುರುಡೆ ಕೆತ್ತಿದ ದೊಡ್ಡ ಕೊಳವೆಯ ಮೇಲೆ, ಅದರ ಪಕ್ಕದಲ್ಲಿದ್ದ ದಪ್ಪ ತಂತಿಯ ಕಾಯಿಲಿನ ಮೇಲೆ. ಹುಡುಗರು ಮೋಡದಂತೆ ಆವಿ ಬಿಡಲು ಕೊಳ್ಳುವಂಥದ್ದು. ಅವಳು ಅದನ್ನು ಪಕ್ಕಕ್ಕೆ ಸರಿಸಿದಳು.

"ಇದು ಬೇಡ. ಬೇರೆ ಮಿಷನ್ನುಗಳೊಳಗೆ ಒಂದು ಚಿಪ್ ಇರತ್ತೆ ಕೊಯಾ, ತಪ್ಪಾದ್ರೆ ಅದೇ ನಿಲ್ಲಿಸತ್ತೆ. ನಮ್ಮ ಕೊಳವೇಲಿ ಏನೂ ಇಲ್ಲ. ಬ್ಯಾಟರಿ, ತಂತಿ, ನಿನ್ನ ಬೆರಳು. ಒತ್ತಿದ್ರೆ ಕೊಡತ್ತೆ. ಎಷ್ಟು ಎಳೆದ್ರೆ ಅಷ್ಟೂ ಕೊಡತ್ತೆ. ಸಾಕು ಅನ್ನೋದು ಅದಕ್ಕೆ ಗೊತ್ತಿಲ್ಲ."

"ಹಂಗಾದ್ರೆ ನನ್ನ ಅಳಿಯನ ಥರ ಅನ್ನು."

"ತಮಾಷೆ ಅಲ್ಲ. ಕೇಳಿಲ್ಲಿ."

ತೆಳುವಾದ ತಂತಿಯನ್ನು ಉಕ್ಕಿನ ಕಡ್ಡಿಗೆ ಸುತ್ತುತ್ತ ಅವಳು ಹೇಳುತ್ತಾ ಹೋದಳು. ಸುತ್ತುಗಳು ಒಂದಕ್ಕೊಂದು ತಾಗಿ, ಜಪಸರದ ಮಣಿಗಳಂತೆ ಒಂದೇ ಸಮನೆ ಕೂತವು. ಅದನ್ನು ಕೊಳವೆಯ ತಲೆಯೊಳಗೆ ತಿರುಪಿನಿಂದ ಬಿಗಿದು ಮಾಪಕದ ಮೇಲಿಟ್ಟಳು. ಅರ್ಧ ಓಮ್‌ಗಿಂತ ಕೂದಲೆಳೆಯಷ್ಟು ಮೇಲೆ ತೋರಿಸಿತು. "ಈ ಅಂಕಿ ಕಮ್ಮಿ ಆದಷ್ಟೂ ಬ್ಯಾಟರಿ ಮೇಲೆ ಭಾರ ಜಾಸ್ತಿ. ಇದು ಎಂಟು ಆಂಪ್ ಎಳೆಯತ್ತೆ. ಈ ಬ್ಯಾಟರಿ ಇಪ್ಪತ್ತು ತಾಳತ್ತೆ. ಕೋಣಕ್ಕೆ ಅರ್ಧ ಗಾಡಿ ಹೇರಿದ ಹಂಗೆ. ನೀನು ಇದನ್ನ ಬಿಚ್ಚಬೇಡ, ಬೇರೆಯವರು ಕೊಟ್ಟದ್ದು ಹಾಕಬೇಡ. ಸವೆದ್ರೆ ನನ್ನ ಹತ್ರ ಬಾ."

ಬ್ಯಾಟರಿಯನ್ನು ಪೆಟ್ಟಿಗೆಯಿಂದ ಅವನೆದುರೇ ತೆಗೆದಳು. ಅದರ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಅಂಗಡಿಯವರು ಅಂಗಿ ಅನ್ನುತ್ತಿದ್ದರು. "ಈ ಅಂಗಿ ಒಂದು ಕಡೆ ಹರಿದ್ರೂ ಬ್ಯಾಟರಿ ಬೆತ್ತಲೆ ಆದ ಹಂಗೆ. ಮೈಯೆಲ್ಲ ಕರೆಂಟು. ಕೊಳವೆಗೆ ತಾಗಿದ್ರೆ ಹೋಯ್ತು. ಚಿಲ್ಲರೆ ಕಾಸಿನ ಜತೆ ಜೇಬಿಗೆ ಹಾಕ್ಕೋಬೇಡ. ಬಿಸಿ ಆದ್ರೆ ಅಲ್ಲೇ ಕೆಳಗಿಟ್ಟು ದೂರ ಹೋಗು."

"ಪೂಜೆ ಉಪದೇಶಕ್ಕಿಂತ ಉದ್ದ ಆಯ್ತಲ್ಲಮ್ಮ ಇದು," ಎಂದ ಪಿದಿಯೊ. ಆದರೆ ಗಮನವಿಟ್ಟು ಕೇಳಿದ್ದ. "ಎಲ್ಲ ಸರಿ. ನಂಗೆ ಅಪುಂಗ್ ಇರು ಅಂಗಿದೇ ಬೇಕು."

ಅದನ್ನು ಅವಳು ನಿರೀಕ್ಷಿಸಿದ್ದಳು. ಸಂತ ಪೇತ್ರ ಊರಿನವರಿಗೆ ಅಪುಂಗ್ ಇರು, ಎಲ್ಲರ ಅಜ್ಜ. ಕುರ್ಚಿಯಲ್ಲಿ ಕೂತು ಕೀಲಿಕೈ ಹಿಡಿದ ಅವನ ಚಿತ್ರವನ್ನು ಹೊದಿಕೆಯ ಮೇಲೆ ಅಚ್ಚು ಹಾಕಿಸಿದವಳು ಅವಳೇ. ಮೊದಲು ನಾಲ್ಕು ಜನರಿಗೆ ಮಾಡಿಕೊಟ್ಟಳು, ಆಮೇಲೆ ಅದೇ ಬೇಕೆಂದು ಎಲ್ಲರೂ ಕೇಳಿದರು. ಬ್ಯಾಟರಿಯ ಹಳೆಯ ಅಂಗಿಯನ್ನು ಸುಲಿದು, ತಲೆಯ ಮೇಲೆ ಬಿಳಿ ಕಾಗದದ ಉಂಗುರವಿಟ್ಟು, ಹೊಸದನ್ನು ತೊಡಿಸಿ, ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಹಿಡಿದಳು. ಅಂಗಿ ಸುಕ್ಕುಗಟ್ಟಿ ಮೈಗಂಟಿತು. ಅಜ್ಜನ ಮುಖ ಒಮ್ಮೆ ಕುಗ್ಗಿ ಆಮೇಲೆ ನೆಟ್ಟಗಾಯಿತು. ತಳದಲ್ಲಿ ತನ್ನ ಉಗುರಿನ ಕೆಂಪು ಬಣ್ಣದಿಂದ ಒಂದು ಚುಕ್ಕೆ ಇಟ್ಟಳು. "ಇದು ನಿನ್ನದು. ಗುರುತಿರಲಿ."

ಎರಡು ಕೈಯಲ್ಲಿ ಅದನ್ನು ತೆಗೆದುಕೊಂಡ ಪಿದಿಯೊ ಅಂಗಡಿಯ ಮೂಲೆಯಲ್ಲಿ ಅಜ್ಜನ ಮೂರ್ತಿಯಿದ್ದ ಪೀಠದ ಕಡೆ ತಿರುಗಿ ತಲೆ ಬಾಗಿಸಿದ. ಆಗ ಪೀಠದ ಕೆಳಗಿನ ಬಿಸ್ಕತ್ತಿನ ಡಬ್ಬಿ ಕಣ್ಣಿಗೆ ಬಿತ್ತು. ಮುಚ್ಚಳ ಅರೆ ತೆರೆದಿತ್ತು, ಒಳಗೆ ಬಿಳಿ ಬಟ್ಟೆಯ ಮೇಲೆ ಅಜ್ಜನ ಮುಖಗಳು ಸಾಲಾಗಿ ಮಲಗಿದ್ದವು.

"ಇಷ್ಟೊಂದು ಬಚ್ಚಿಟ್ಟಿದೀಯಾ?"

"ಅವು ಸತ್ತವು ಕೊಯಾ. ಜನ ವಾಪಸು ತಂದುಕೊಡ್ತಾರೆ."

ಸತ್ತ ಬ್ಯಾಟರಿಗಳ ಮೈಮೇಲೆ ಕಪ್ಪು ಮಸಿಯಲ್ಲಿ ಅಡ್ಡ ಉದ್ದ ಗೀಟು ಹಾಕಿ ಬಕೆಟ್ಟಿಗೆ ಎಸೆಯುವುದು ಅಂಗಡಿಯ ರೂಢಿ. ಬಕೆಟ್ಟು ತುಂಬಿದಾಗ ಗುಜರಿಯವನು ಬಂದು ಒಯ್ಯುತ್ತಿದ್ದ. ಆದರೆ ಅಜ್ಜನ ಮುಖದ ಮೇಲೆ ಮಸಿ ಬಳಿಯುವುದು ಹೇಗೆ? ಬ್ಲೇಡಿನಿಂದ ಸೀಳಿ ಸುಲಿಯುವುದು ಹೇಗೆ? ಗುಜರಿಯ ಬಕೆಟ್ಟಿಗೆ ಹಾಕುವುದು ಹೇಗೆ? ಮುರಿದ ಜಪಸರವನ್ನು ಕೂಡ ನೆಲದಲ್ಲಿ ಹೂಳುವ ಊರು ಅದು. ಬ್ಯಾಟರಿ ಹೂಳಿದರೆ ನೆಲ ಕೆಡುತ್ತದೆ, ಸುಟ್ಟರೆ ಸಿಡಿಯುತ್ತದೆ. ಹಾಗಾಗಿ ಅವಳು ಅವನ್ನು ಪೀಠದ ಕೆಳಗೆ ಬಟ್ಟೆಯ ಮೇಲೆ ಮಲಗಿಸಿದ್ದಳು. ಪಾದ್ರಿಯನ್ನು ಒಂದು ದಿನ ಕೇಳಬೇಕು ಎಂದುಕೊಳ್ಳುತ್ತ ವರ್ಷ ಕಳೆದಿತ್ತು.

ಲೇತಿನ ಸದ್ದು ಆಗ ಜೋರಾಗಿತ್ತು. ಗೊನ್ಯೊ ಈ ಮಾತುಗಳನ್ನು ಕೇಳಿರಲಿಲ್ಲ.

ಬೂದಿ ಬುಧವಾರದಿಂದ ಶುರುವಾದ ತಪಸ್ಸುಕಾಲದ ವಾರಗಳು ಒಂದೊಂದಾಗಿ ಉರುಳಿದವು. ಪಿದಿಯೊ ಎರಡು ದಿನಕ್ಕೊಮ್ಮೆ ಬ್ಯಾಟರಿ ತುಂಬಿಸಲು ಅಂಗಡಿಗೆ ಬರುತ್ತಿದ್ದ. ಮನೆಯಲ್ಲಿ ಚಾರ್ಜರ್ ಇಟ್ಟುಕೊಳ್ಳಲು ಅವನಿಗೆ ಹೆದರಿಕೆ. ಕಾಯುವ ಹೊತ್ತಿನಲ್ಲಿ ಬೆಂಚಿನ ಮೇಲೆ ಕೂತು ಮೆಲ್ಲಗೆ ಗುನುಗುತ್ತಿದ್ದ. ಮೊದಮೊದಲು ಒಂದು ಸಾಲಿಗೆ ಉಸಿರು ಸಾಲುತ್ತಿರಲಿಲ್ಲ, ಆಮೇಲೆ ಎರಡು ಸಾಲು ಬಂತು. ಒಂದು ದಿನ ಪೇತ್ರ ಅಳುವ ಭಾಗವನ್ನು ಅವನು ಕಣ್ಣು ಮುಚ್ಚಿ ಪೂರ್ತಿ ಎತ್ತಿದಾಗ ಗೊನ್ಯೊ ಲೇತ್ ನಿಲ್ಲಿಸಿದ. ಕಾಯಿಲು ಸುತ್ತುತ್ತಿದ್ದ ಸಲುದಳಿಗೆ ಕಣ್ಣು ತುಂಬಿ ತಂತಿ ಕಾಣಿಸಲಿಲ್ಲ.

"ಏನ್ ಪಾರೆ, ಹೆಂಗಿದೆ?" ಎಂದು ಪಿದಿಯೊ ಗೊನ್ಯೊನನ್ನು ಕೇಳಿದ. ಪಾರೆ, ಗೆಳೆಯ, ಎಂದೇ ಅವನು ಗೊನ್ಯೊನನ್ನು ಕರೆಯುತ್ತಿದ್ದ.

"ನಮ್ಮ ಹುಂಜಕ್ಕೆ ನಾಚಿಕೆ ಆಗಿದೆ ಕೊಯಾ. ನಾಳೆಯಿಂದ ಕೂಗಲ್ವಂತೆ."

ಪವಿತ್ರ ವಾರ ಶುರುವಾಗುವ ಗರಿಗಳ ಭಾನುವಾರಕ್ಕೆ ಇನ್ನೂ ಎರಡು ವಾರವಿರುವಾಗ ಸಲುದ್ ತಂತಿ ತರಲು ಸ್ಯಾನ್ ಫೆರ್ನಾಂದೊ ಪೇಟೆಗೆ ಹೋದಳು. ಮಧ್ಯಾಹ್ನ ಜನ ಒಯ್ಯುವ ಜೀಪ್ನಿಯಿಂದ ಇಳಿದಾಗ ಗಾಡಿಗಳ ಸರದಿ ನಿಲ್ಲುವ ಮರದಡಿ ಜನ ಗುಂಪುಗಟ್ಟಿದ್ದರು. ಯಾರೋ ಬಕೆಟ್ಟಿನಿಂದ ನೆಲಕ್ಕೆ ನೀರು ಸುರಿದು ಪೊರಕೆಯಿಂದ ತಳ್ಳುತ್ತಿದ್ದರು. ಬೆಂಚಿನ ಕೆಳಗೆ ಒಂದೇ ಒಂದು ರಬ್ಬರ್ ಚಪ್ಪಲಿ ಬಿದ್ದಿತ್ತು. ಅದು ಯಾರದೆಂದು ಅವಳಿಗೆ ಗೊತ್ತಾಯಿತು.

"ಪಟಾಕಿ ಅಂದ್ಕೊಂಡ್ವಿ," ಎಂದ ಒಬ್ಬ ಗಾಡಿಯವ. "ಬಾಯಿಗಿಟ್ಟಿದ್ದ. ಅಷ್ಟೇ."

"ಹುಡುಗರ ಕಾಯಿಲು ಹಾಕ್ಕೊಂಡಿರ್ತಾನೆ," ಎಂದ ಇನ್ನೊಬ್ಬ. "ಈ ವಯಸ್ಸಲ್ಲಿ ಅವನಿಗೆ ಇದೆಲ್ಲ ಬೇಕಿತ್ತಾ?"

ಪಿದಿಯೊ ಉಳಿದ. ಬಲಗೈಯ ಎರಡು ಬೆರಳು ಹೋದವು. ಮುಂದಿನ ಹಲ್ಲುಗಳು, ಮೇಲ್ದುಟಿಯ ಒಂದು ಭಾಗ, ನಾಲಿಗೆಯ ತುದಿ ಹೋದವು. ಬೆಂಕಿಯ ಉಸಿರು ಗಂಟಲೊಳಗೂ ಇಳಿದಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಸಲುದಳನ್ನು ಆಚಿ, ಅಕ್ಕ, ಎಂದು ಕರೆಯುವ ಅವನ ಮಗಳು ಸಿಂತಾ ಅವಳ ಕೈಗೆ ಒಂದು ಪ್ಲಾಸ್ಟಿಕ್ ಚೀಲ ಕೊಟ್ಟಳು. "ಆಚಿ, ಇದನ್ನ ಏನ್ ಮಾಡ್ಲಿ? ಮನೇಲಿ ಇಟ್ಕೊಳೋಕೆ ಆಗಲ್ಲ ನಂಗೆ." ಚೀಲದಲ್ಲಿ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದುಕೊಂಡ ಹಿತ್ತಾಳೆಯ ಕೊಳವೆಯಿತ್ತು, ಅದರ ತಲೆಯಿತ್ತು. ಬ್ಯಾಟರಿ ಮಾತ್ರ ಇರಲಿಲ್ಲ. ಎಲ್ಲೋ ಹಾರಿಹೋಗಿರಬೇಕು ಎಂದುಕೊಂಡಳು.

ಮನೆಗೆ ಬಂದವಳು ನೇರ ಅಂಗಡಿಗೆ ಹೋಗಿ ಕೊಳವೆಯ ತಲೆಯ ಮುಚ್ಚಳ ತೆಗೆದಳು. ಒಳಗಿದ್ದದ್ದು ಅವಳ ಕಾಯಿಲೇ. ತನ್ನ ಕೈ ಸುತ್ತಿದ್ದನ್ನು ಅವಳು ಗುರುತಿಸದೆ ಇರುತ್ತಾಳೆಯೇ? ಮಸಿ ಹಿಡಿದಿತ್ತು, ಆದರೆ ಒಂದು ಸುತ್ತೂ ಕದಲಿರಲಿಲ್ಲ. ಮಾಪಕದ ಮೇಲಿಟ್ಟಳು. ಅರ್ಧ ಓಮ್‌ಗಿಂತ ಕೂದಲೆಳೆಯಷ್ಟು ಮೇಲೆ. ಪಿದಿಯೊ ಅವಳು ಹೇಳಿದ್ದನ್ನು ಅಕ್ಷರಶಃ ಪಾಲಿಸಿದ್ದ.

ಹಾಗಾದರೆ ತಪ್ಪು ಬ್ಯಾಟರಿಯದು. ಆದರೆ ಆ ಬ್ಯಾಟರಿಯನ್ನು ಅವಳೇ ಹೊಸ ಪೆಟ್ಟಿಗೆಯಿಂದ ತೆಗೆದಿದ್ದಳು. ತಲೆ ಎತ್ತಿದಾಗ ಕಪಾಟಿನ ಚಾರ್ಜರಿನಲ್ಲಿ ಹಸಿರು ದೀಪ ಉರಿಯುತ್ತಿರುವುದು ಕಂಡಿತು. ತುಂಬಿದ ಬ್ಯಾಟರಿಯೊಂದು ಯಾರೂ ಒಯ್ಯದೆ ಅಲ್ಲೇ ಇತ್ತು. ತೆಗೆದು ತಳ ನೋಡಿದಳು. ಕೆಂಪು ಚುಕ್ಕೆ ಇತ್ತು.

ಕಾಲು ತಾನೇ ತಾನಾಗಿ ಪೀಠದ ಕಡೆ ಹೋಯಿತು. ಮಂಡಿಯೂರಿ ಡಬ್ಬಿ ಎಳೆದು ಮುಚ್ಚಳ ತೆಗೆದಳು. ಅಜ್ಜನ ಮುಖಗಳ ಸಾಲಿನ ನಡುವೆ ಒಂದು ಜಾಗ ಖಾಲಿಯಿತ್ತು. ಬಟ್ಟೆಯ ಮೇಲೆ ಮಲಗಿದ್ದರ ಗುರುತು, ಮಾಸಿದ ಗೆರೆ, ಇನ್ನೂ ಇತ್ತು.

ಗೊನ್ಯೊ ಹಿಂದೆ ಬಂದು ನಿಂತಿದ್ದ. ಅವನು ಅಂದು ಊಟ ಮಾಡಿರಲಿಲ್ಲ.

"ನೀನು ಹೋದ ಮೇಲೆ ಇಬ್ಬರು ಗಿರಾಕಿ ಬಂದು ಅಪುಂಗ್ ಇರು ಬ್ಯಾಟರಿ ಕೇಳಿದ್ರು," ಎಂದ. "ಕಪಾಟಲ್ಲಿ ಇರಲಿಲ್ಲ. ಹುಡುಕಿದೆ. ಪೀಠದ ಕೆಳಗೆ ಇತ್ತು. ಮಂತ್ರಿಸೋಕೆ ಇಟ್ಟಿದೀಯ ಅಂದ್ಕೊಂಡೆ ಸಲುದ್. ಅಂಗಿ ಹೊಸದು. ಸತ್ತದ್ದಕ್ಕೆ ನೀನು ಕಪ್ಪು ಗೀಟು ಹಾಕ್ತೀಯ. ತಿರುಗಿಸಿ ತಿರುಗಿಸಿ ನೋಡಿದೆ, ಒಂದಕ್ಕೂ ಇರಲಿಲ್ಲ."

ಅವಳು ಡಬ್ಬಿಯಿಂದ ಕಣ್ಣು ತೆಗೆಯಲಿಲ್ಲ.

"ಒಂದನ್ನ ಚಾರ್ಜಿಗೆ ಹಾಕಿ, ಗಿರಾಕಿಗಳಿಗೆ ಸಂಜೆ ಬನ್ನಿ ಅಂದೆ. ಆಮೇಲೆ ಕೊಯಾ ಬಂದ. ತನ್ನದನ್ನ ಹಾಕಿದ. ತುಂಬೋವರೆಗೂ ಕಾಯೋಕೆ ಆಗಲ್ಲ, ನನ್ನ ಸರದಿ ಬಂದಿದೆ, ಒಂದು ಸಾಲ ಕೊಡು ಪಾರೆ, ಸಂಜೆ ತಂದುಕೊಡ್ತೀನಿ ಅಂದ. ತುಂಬಿದ್ದು ಅದೊಂದೇ ಇತ್ತು."

"ಚಾರ್ಜರ್ ತಗೊಳ್ತಾ ಅದನ್ನ?" ಎಂದು ಕೇಳಿದಳು ಅವಳು. ತಿಂಗಳುಗಟ್ಟಲೆ ಬರಿದಾಗಿ ಬಿದ್ದ ಬ್ಯಾಟರಿಯ ಒಳಗು ಕೊಳೆತಿರುತ್ತದೆ. ಹೊಸ ಚಾರ್ಜರ್ ಅಂಥದ್ದನ್ನು ಒಪ್ಪುವುದಿಲ್ಲ.

ಗೊನ್ಯೊ ತಲೆ ತಗ್ಗಿಸಿದ. "ಹೊಸದು ಕೆಂಪು ದೀಪ ಮಿನುಗಿಸ್ತು. ಅದು ಆಗಾಗ ಹಂಗೆ ಮಾಡತ್ತಲ್ಲ ಅಂತ... ಹಳೇ ಚಾರ್ಜರಿಗೆ ಹಾಕಿದೆ. ಹಿಡೀತು."

ಹೊರಗೆ ಬಿಸಿಗಾಳಿ ಅಂಗಡಿಯ ತಗಡನ್ನು ಅಲುಗಿಸುತ್ತಿತ್ತು. ಸಲುದ್ ಪೀಠದ ಮೇಲಿನ ಅಜ್ಜನನ್ನು ನೋಡಿದಳು. ಅಜ್ಜ ಕೀಲಿಕೈ ಹಿಡಿದು ಎಂದಿನಂತೆ ಕೂತಿದ್ದ. ಒಂದು ಕಪ್ಪು ಗೀಟು. ಅಷ್ಟು ಸಾಕಿತ್ತು. ಪ್ಲಾಸ್ಟಿಕ್ಕಿನ ಮುಖಕ್ಕೆ ನೋವಾಗಬಾರದೆಂದು ಅವಳು ಅದನ್ನು ಎಳೆಯದೆ ಬಿಟ್ಟಿದ್ದಳು.

"ಯಾರಿಗೂ ಹೇಳಬೇಡ," ಎಂದ ಗೊನ್ಯೊ. "ಪುರಸಭೆಯವರು ಬಂದು ಬೀಗ ಹಾಕ್ತಾರೆ. ನಮಗೆ ಇರೋದು ಇದೊಂದೇ. ಆಸ್ಪತ್ರೆಗೆ ಕೈಲಾದ್ದು ಕೊಡೋಣ. ಅವನೇ ತನ್ನ ತಪ್ಪು ಅಂತಿದಾನಂತೆ."

ದಿನಗಳು ಹೋದವು. ಅವಳು ಕಾಯಿಲು ಸುತ್ತಲಿಲ್ಲ. ಬಂದವರಿಗೆ ತಂತಿ ಮುಗಿದಿದೆ ಎಂದಳು, ಸ್ಯಾನ್ ಫೆರ್ನಾಂದೊದಿಂದ ತಂದ ತಂತಿಯ ಉರುಳೆಗಳು ಚೀಲದಲ್ಲೇ ಇದ್ದರೂ. ಪಿದಿಯೊನನ್ನು ಮನೆಗೆ ಕರೆತಂದರೆಂದು ಗೊತ್ತಾದ ಮೇಲೆ ಗಂಜಿ ಮಾಡಿ, ಡಬ್ಬಿಗೆ ಹಾಕಿ, ಅವನ ಬಾಗಿಲವರೆಗೂ ಹೋಗಿ, ಸಿಂತಾಳ ಕೈಗೆ ಕೊಟ್ಟು ವಾಪಸು ಬರುತ್ತಿದ್ದಳು. ಒಳಗೆ ಹೋಗುತ್ತಿರಲಿಲ್ಲ.

ಗರಿಗಳ ಭಾನುವಾರ ಪೂಜೆ ಮುಗಿಸಿ ಬರುವಾಗ ಸಿಂತಾ ಅವಳನ್ನು ಗೋಡೆಯ ನೆರಳಿಗೆ ಕರೆದಳು.

"ಆಚಿ, ನೀನಾದ್ರೂ ಬಂದು ಅಪ್ಪನಿಗೆ ಒಂದು ಮಾತು ಹೇಳು. ಪಾದ್ರಿ ದಿವ್ಯಪ್ರಸಾದ ತಂದ್ರೆ ಅಪ್ಪ ಬಾಯಿ ತೆಗೀಲಿಲ್ಲ. ಗಾಯದಿಂದಲ್ಲ. ಗಂಜಿ ಕುಡೀತಾರೆ. ಪ್ರಸಾದಕ್ಕೆ ತಲೆ ಆಡಿಸಿಬಿಟ್ರು. ಅಜ್ಜನ ಪಟ ಗೋಡೆ ಕಡೆ ತಿರುಗಿಸಿಟ್ಟಿದಾರೆ."

"ಯಾಕೆ?"

ಸಿಂತಾ ಸುತ್ತ ನೋಡಿ ದನಿ ತಗ್ಗಿಸಿದಳು. "ಆವತ್ತು ಬೆಳಿಗ್ಗೆ ಸ್ನೇಹಿತ ಕೊಟ್ಟ ಅಂತ ಒಂದು ಸಿಗರೇಟು ಸೇದಿದ್ರಂತೆ. ಒಂದೇ ಒಂದು. ದೇವರಿಗೆ ಮಾತು ಕೊಟ್ಟು ತಪ್ಪಿದೆ, ಅದಕ್ಕೇ ಬಾಯಿ ಕಿತ್ಕೊಂಡ, ಹಾಡಿಗೆ ನಾನು ಲಾಯಕ್ಕಿಲ್ಲ ಅಂತ ದೇವರೇ ಹೇಳಿದಾನೆ ಅಂತಾರೆ. ನಾನೇನ್ ಹೇಳ್ಲಿ ಆಚಿ? ನಂಗೂ ಹಂಗೇ ಅನ್ನಿಸೋಕೆ ಶುರುವಾಗಿದೆ."

ಸಲುದಳ ಕೈಯಲ್ಲಿದ್ದ ತಾಳೆಗರಿ ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಂಡಳು. ಅಂದು ಮನೆಯಲ್ಲಿ ಗೊನ್ಯೊನ ಮುಂದೆ ಅನ್ನದ ತಟ್ಟೆ ಇಟ್ಟು ಎದುರಿಗೆ ಕೂತಳು.

"ನಾನು ಹೇಳ್ತೀನಿ ಗೊನ್ಯೊ."

"ಅಂಗಡಿ ಹೋಗತ್ತೆ."

"ಹೋಗ್ಲಿ. ಅವನು ಬೆರಳು ಕೊಟ್ಟ, ಹಾಡು ಕೊಟ್ಟ. ಈಗ ದೇವರನ್ನೂ ಬಿಡ್ತಿದಾನೆ. ದೇವರ ಮೇಲೆ ಹೊರಿಸಿ ನಾವು ಉಣ್ಣೋದಾ?"

ಗೊನ್ಯೊ ತಟ್ಟೆಯನ್ನು ನೋಡುತ್ತ ಕೂತ. ಸ್ವಲ್ಪ ಹೊತ್ತಾದ ಮೇಲೆ ಎದ್ದು ಹೋಗಿ ಹಳೆಯ ಚಾರ್ಜರನ್ನು ಗೋಡೆಯಿಂದ ಕಿತ್ತು, ಸುತ್ತಿಗೆಯಿಂದ ಒಡೆಯತೊಡಗಿದ. ಅದು ಒಡೆದು ಪುಡಿಯಾದ ಮೇಲೂ ಸುತ್ತಿಗೆಯ ಸದ್ದು ನಿಲ್ಲಲಿಲ್ಲ.

ಪವಿತ್ರ ಬುಧವಾರ ಬೆಳಿಗ್ಗೆ ಅವಳು ಪಿದಿಯೊನ ಮನೆಗೆ ಹೋದಳು. ಬೀದಿಯ ತಿರುವಿನ ಚಪ್ಪರದಲ್ಲಿ ಹಾಡು ನಡೆದಿತ್ತು. ಧ್ವನಿವರ್ಧಕದಲ್ಲಿ ಒಬ್ಬರ ನಂತರ ಒಬ್ಬರ ದನಿ ಬರುತ್ತಿತ್ತು, ಕೆಲವು ಒಡಕು, ಕೆಲವು ನಿದ್ದೆಗೆಟ್ಟವು. ಪಿದಿಯೊನ ಮನೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ಸಿಂತಾ ಬಾಗಿಲು ತೆರೆದು ಗಂಜಿಯ ಡಬ್ಬಿಗೆ ಕೈ ಚಾಚಿದಳು. ಸಲುದ್ ಕೊಡಲಿಲ್ಲ. "ನಾನೇ ಒಯ್ತೀನಿ," ಎಂದು ಒಳಗೆ ಹೋದಳು.

ಅವನು ಗೋಡೆಗೊರಗಿ ಚಾಪೆಯ ಮೇಲೆ ಕೂತಿದ್ದ. ಮುಖದ ಕೆಳಭಾಗಕ್ಕೆ ಬಿಳಿ ಬಟ್ಟೆ ಸುತ್ತಿತ್ತು. ಬಲಗೈ ತೊಡೆಯ ಮೇಲೆ ಮಗುವಿನಂತೆ ಮಲಗಿತ್ತು. ಎದುರಿನ ಪೀಠದ ಮೇಲೆ ಅಜ್ಜನ ಪಟದ ಹಿಂಬದಿ, ಕಂದು ರಟ್ಟು, ಕಾಣುತ್ತಿತ್ತು. ಅವಳನ್ನು ನೋಡಿ ಅವನ ಕಣ್ಣು ನಗಲು ಯತ್ನಿಸಿತು. ಅವಳು ಅವನೆದುರು ನೆಲಕ್ಕೆ ಕೂತಳು.

"ಕೊಯಾ, ನಾನೊಂದು ಹೇಳ್ತೀನಿ. ಮುಗಿಯೋವರೆಗೂ ಕೇಳು."

ಹೇಳಿದಳು. ಡಬ್ಬಿಯ ವಿಷಯ, ಹಾಕದೆ ಬಿಟ್ಟ ಕಪ್ಪು ಗೀಟಿನ ವಿಷಯ, ಕೆಂಪು ದೀಪದ ವಿಷಯ. ಗೊನ್ಯೊನ ಮೇಲೆ ಹೊರಿಸಲಿಲ್ಲ, ತನ್ನನ್ನು ಬಚಾವು ಮಾಡಿಕೊಳ್ಳಲೂ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವಳ ಹಿಂದೆ ಬಾಗಿಲಲ್ಲಿ ನಿಂತಿದ್ದ ಸಿಂತಾ ಒಮ್ಮೆ "ಅಯ್ಯೋ ದೇವರೇ" ಎಂದಳು.

"ನೀನು ಹಾಕ್ಕೊಂಡಿದ್ದು ಸತ್ತ ಬ್ಯಾಟರಿ ಕೊಯಾ. ನಮ್ಮ ಅಂಗಡಿಯದು. ದೇವರು ಏನೂ ಕಿತ್ಕೊಳ್ಳಲಿಲ್ಲ. ನಾವು."

ಪಿದಿಯೊ ಅವಳನ್ನೇ ನೋಡುತ್ತಿದ್ದ. ಬಟ್ಟೆಯ ಹಿಂದೆ ಏನೋ ಅಲುಗಿತು. ಮಾತು ಬರಲು ಬಹಳ ಹೊತ್ತು ಹಿಡಿಯಿತು, ಬಂದಾಗ ಅರ್ಧ ಗಾಳಿ ಅರ್ಧ ಶಬ್ದವಾಗಿ ಬಂತು.

"ಸಿಗ... ರೇಟು?"

"ಸಿಗರೇಟು ಸೇದಿದ್ದಕ್ಕೆ ಕೆಮ್ಮು ಬರತ್ತೆ ಕೊಯಾ. ಬೇರೇನೂ ಬರಲ್ಲ."

ಅವನು ಕಣ್ಣು ಮುಚ್ಚಿಕೊಂಡ. ಹೊರಗೆ ಧ್ವನಿವರ್ಧಕದಲ್ಲಿ ದನಿ ಬದಲಾಯಿತು. ಯಾರೋ ಹೊಸಬರು ಪೇತ್ರನ ಭಾಗವನ್ನು ಎತ್ತಿಕೊಂಡರು. ರಾಗ ಅವರಿಗೆ ಚೆನ್ನಾಗಿ ಬರುತ್ತಿರಲಿಲ್ಲ. ಉಸಿರು ಎಲ್ಲಿ ಬಿಡಬೇಕೋ ಅಲ್ಲಿ ಬಿಡದೆ ಪದದ ನಡುವೆ ಕಡಿಯುತ್ತಿದ್ದರು. ಪಿದಿಯೊನ ಎಡಗೈಯ ಬೆರಳೊಂದು ಚಾಪೆಯ ಮೇಲೆ ತಾಳ ಹಾಕಿತು, ತಪ್ಪಿದಲ್ಲಿ ನಿಂತಿತು, ಮತ್ತೆ ಹಾಕಿತು. ಅವನ ಕಣ್ಣಿನಿಂದ ನೀರು ಇಳಿದು ಬಟ್ಟೆಯ ಅಂಚಿನಲ್ಲಿ ಇಂಗಿತು.

ಬೈಯಲಿ ಎಂದು ಸಲುದ್ ಕಾದಳು. ಹೊರಗೆ ಹೋಗು ಅನ್ನಲಿ, ಪುರಸಭೆಗೆ ಹೋಗ್ತೀನಿ ಅನ್ನಲಿ, ಏನಾದರೂ ಅನ್ನಲಿ.

ಅವನು ಗೋಡೆ ಹಿಡಿದು ನಿಧಾನವಾಗಿ ಎದ್ದ. ಸಿಂತಾ ಆಸರೆ ಕೊಡಲು ಬಂದರೆ ಬೇಡವೆಂದು ತಲೆಯಾಡಿಸಿದ. ಪೀಠದ ಹತ್ತಿರ ಹೋದ. ಪಟವನ್ನು ತಿರುಗಿಸುತ್ತಾನೆಂದು ಅವಳು ಅಂದುಕೊಂಡಳು. ತಿರುಗಿಸಲಿಲ್ಲ. ಅದರ ಹಿಂದೆ ಕೈ ಹಾಕಿ, ಗಂಟು ಹಾಕಿದ ಒಂದು ಕರವಸ್ತ್ರವನ್ನು ತೆಗೆದು, ಬಂದು ಅವಳ ಎದುರು ಮತ್ತೆ ಕೂತ. ಒಂದೇ ಕೈಯಿಂದ ಗಂಟು ಬಿಚ್ಚಲು ಅವನಿಗೆ ತಡವಾಯಿತು. ಅವಳು ನೆರವಿಗೆ ಹೋಗಲಿಲ್ಲ.

ಕರವಸ್ತ್ರದೊಳಗೆ ಸೀಳಿಹೋದ, ಕಪ್ಪಗಾದ ಉಕ್ಕಿನ ಚಿಪ್ಪು, ಬ್ಯಾಟರಿಯ ಮೈ, ಇತ್ತು. ಮರದಡಿ ಸಿಕ್ಕಿದ್ದನ್ನು ಯಾರೋ ಅವನಿಗೆ ತಂದುಕೊಟ್ಟಿರಬೇಕು. ಅದರ ಒಂದು ಬದಿಗೆ ಅಂಗಿಯ ತುಂಡು ಕರಗಿ ಅಂಟಿಕೊಂಡಿತ್ತು. ಅಜ್ಜನ ಮುಖ ಇರಲಿಲ್ಲ. ಕುರ್ಚಿಯ ತೋಳು ಇತ್ತು, ಅದರ ಮೇಲೆ ಕೀಲಿಕೈ ಹಿಡಿದ ಕೈ ಇತ್ತು.

"ಸಾಲ... ತಗೊಂಡಿದ್ದೆ," ಎಂದ ಪಿದಿಯೊ. ಒಂದೊಂದು ಪದಕ್ಕೂ ನಿಂತು ಉಸಿರು ತೆಗೆದುಕೊಂಡ. "ಸಂಜೆ... ಕೊಡ್ತೀನಿ... ಅಂದಿದ್ದೆ."

ಸಲುದ್ ಎರಡು ಕೈಯನ್ನೂ ಒಡ್ಡಿದಳು, ಪೂಜೆಯಲ್ಲಿ ದಿವ್ಯಪ್ರಸಾದಕ್ಕೆ ಒಡ್ಡುವಂತೆ, ಎಡಗೈಯ ಕೆಳಗೆ ಬಲಗೈ ಇಟ್ಟು. ಅವನು ಅದನ್ನು ಅವಳ ಅಂಗೈಯಲ್ಲಿ ಇಟ್ಟ.